ರಾವಸಾಹೇಬರ ಮಾತು: ಪು. ಲ. ದೇಶಪಾಂಡೆಯವರ ಹಾಸ್ಯವೂ ಬೆಳಗಾವಿಯ ಕನ್ನಡವೂ

೧

ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ನಾಟ್ಯಶಾಸ್ತ್ರವು ವಿಕೃತವಾದ ವೇಷಾಲಂಕಾರಗಳ ಜೊತೆಯಲ್ಲಿಯೇ ಅಸತ್ಪ್ರಲಾಪವನ್ನೂ ದೋಷೋದಾಹರಣವನ್ನೂ ಹೇಳಿದೆ. ಅಸಂಬದ್ಧವಾಗಿ ಆಡಿದ ಮಾತಿಗೂ, ಒಬ್ಬರ ದೋಷವನ್ನು ಮತ್ತೊಬ್ಬರು ಎತ್ತಿ ತೋರಿಸುವುದಕ್ಕೂ ಜನರು ನಗುವರೆಂಬುದು ಲೋಕಾನುಭವಕ್ಕೂ ಸಮ್ಮತವಾದ ಸಂಗತಿಯೇ. ಪರಭಾಷೆಯನ್ನು ತಪ್ಪಾಗಿ ಆಡುವವನನ್ನು ರಂಗಸ್ಥಲಕ್ಕೆ ತಂದು ನಗಿಸುವ ಪದ್ಧತಿಯು ಈ ಎರಡು ಕಾರಣಗಳನ್ನೂ ಒಟ್ಟುಗೂಡಿಸಿಕೊಂಡಿರುವುದರಿಂದ ಪ್ರಹಸನಕಾರರಿಗೆ ಅದು ಬಹು ಸುಲಭವಾದ ಸಾಧನವಾಗಿದೆ. ಆದರೆ ಇಂತಹ ನಗೆಯಲ್ಲಿ ನಗುವವನಿಗೂ ನಗೆಗೆ ಗುರಿಯಾದವನಿಗೂ ಇರುವ ಸಂಬಂಧವೆಂತಹದು? ತಿರಸ್ಕಾರವೇ, ತಿದ್ದುವ ಬುದ್ಧಿಯೇ, ಸ್ನೇಹವೇ? ಈ ಪ್ರಶ್ನೆಗೆ ಉತ್ತರ ದೊರೆಯದ ಹೊರತು ಅಂತಹ ಹಾಸ್ಯದ ಬೆಲೆಯನ್ನು ನಿಶ್ಚಯಿಸಲಾಗದು.

ಬೆಳಗಾವಿಯಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವವರಿಗೆ ಅದು ಅಲಂಕಾರಶಾಸ್ತ್ರದ ಚರ್ಚೆ ಮಾತ್ರವಾಗಿ ಉಳಿಯುವುದಿಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಇಲ್ಲಿ ಒಬ್ಬನು ಯಾವ ಭಾಷೆಯನ್ನು, ಹೇಗೆ ಆಡುತ್ತಾನೆಂಬುದೇ ಅವನ ಪಕ್ಷವನ್ನು ತಿಳಿಸುವ ಗುರುತಾಗಿಬಿಟ್ಟಿದೆ. ೨೦೦೪ರಿಂದ ಗಡಿಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಹೀಗಿರಲು, ಬೆಳಗಾವಿಯ ಕನ್ನಡಿಗನೊಬ್ಬನ ಒಡಕು ಮರಾಠಿಯನ್ನೇ ಆಧಾರವಾಗಿಟ್ಟುಕೊಂಡು ಮರಾಠಿಯ ಅಗ್ರಗಣ್ಯ ಹಾಸ್ಯಕಾರರು ರಚಿಸಿದ ಒಂದು ವ್ಯಕ್ತಿಚಿತ್ರವು ಮಹಾರಾಷ್ಟ್ರದ ಮನೆಮನೆಗಳಲ್ಲಿ ಪ್ರಿಯವಾಗಿರುವಾಗ, ಕನ್ನಡ ವಿಮರ್ಶಕರು ಅದನ್ನು ಓದಿ ಪರೀಕ್ಷಿಸದೆ ಬಿಡುವುದು ಉಚಿತವಲ್ಲ. ಆ ಹಾಸ್ಯಕಾರರು ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರು. ಆ ಚಿತ್ರವು 'ಗಣಗೋತ' ಎಂಬ ಅವರ ಸಂಗ್ರಹದಲ್ಲಿರುವ 'ರಾವಸಾಹೇಬ'. ಅಲ್ಲಿಯ ನಗೆಯು ನಮ್ಮನ್ನು ಕೀಳುಮಾಡುವಂತಹದಲ್ಲವೆಂದೂ, ಹಾಗಾಗದಿರುವುದಕ್ಕೆ ಕಾರಣವು ಗ್ರಂಥಕರ್ತರ ಸೌಜನ್ಯಕ್ಕಿಂತ ಹೆಚ್ಚಾಗಿ ಅವರ ನಟವೃತ್ತಿಯಲ್ಲಿದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಪು. ಲ. ಎಂದೇ ಪ್ರಸಿದ್ಧರಾದ ದೇಶಪಾಂಡೆಯವರು ೧೯೧೯ರ ನವೆಂಬರ್ ೮ರಂದು ಮುಂಬಯಿಯಲ್ಲಿ ಜನಿಸಿ ೨೦೦೦ದ ಜೂನ್ ೧೨ರಂದು ಪುಣೆಯಲ್ಲಿ ನಿಧನ ಹೊಂದಿದರು. ಅವರ ಮಾತಾಮಹರಾದ ವಾಮನ ಮಂಗೇಶ ದುಭಾಷಿಯವರು ರವೀಂದ್ರರ ಗೀತಾಂಜಲಿಯನ್ನು ಮರಾಠಿಯ ಅಭಂಗಗಳಿಗೆ ಇಳಿಸಿದವರು. ಎರಡು ಭಾಷೆಗಳನ್ನು ಬಲ್ಲವನೆಂದು ಅರ್ಥವಾಗುವ ಮನೆತನದ ಹೆಸರು ಅದು. ಮೊಮ್ಮಗನ ಕಿವಿಗೂ ಅದು ಚೆನ್ನಾಗಿ ಒಪ್ಪುವಂತಹದು.

ಅವರ ಜೀವಿತದಲ್ಲಿ ಚಲಚ್ಚಿತ್ರದ ಕಾಲವು ಅಲ್ಪವಾದುದು. ೧೯೪೭ರ 'ಕುಬೇರ'ದಿಂದ ಆರಂಭಿಸಿ ಆರೇಳು ವರ್ಷಗಳಲ್ಲಿ ಅವರು ನಟರಾಗಿ, ಕಥಾಲೇಖಕರಾಗಿ, ಸಂಭಾಷಣಕಾರರಾಗಿ, ಸಂಗೀತನಿರ್ದೇಶಕರಾಗಿ ಅನೇಕ ಚಿತ್ರಗಳಲ್ಲಿ ದುಡಿದರು. ೧೯೫೩ರ 'ಗುಳಾಚಾ ಗಣಪತಿ'ಯಲ್ಲಿ ಕಥೆ, ಸಂಭಾಷಣೆ, ಸಂಗೀತ, ನಿರ್ದೇಶನ, ಮುಖ್ಯಪಾತ್ರ ಇವೆಲ್ಲವೂ ಅವರವೇ. ನಮ್ಮ ಗದಗಿನ ಸೀಮೆಯ ಭೀಮಸೇನ ಜೋಶಿಯವರು ಹಾಡಿ ಜನಪ್ರಿಯಗೊಳಿಸಿದ ಇಂದ್ರಾಯಣೀ ತೀರದ ಗೀತವು ಅದೇ ಚಿತ್ರದ್ದು. ಇಷ್ಟು ಯಶಸ್ಸು ದೊರೆತ ಮೇಲೆ ಅವರು ಆ ಉದ್ಯೋಗವನ್ನು ಬಿಟ್ಟರು. ೧೯೫೫ರಲ್ಲಿ ಆಕಾಶವಾಣಿಯನ್ನು ಸೇರಿದರು. ಮುಂದೆ ದೂರದರ್ಶನದ ಪ್ರಾರಂಭಕಾಲದಲ್ಲಿಯೂ ಕೆಲಸಮಾಡಿದರು. ಈ ನಡುವಿನ ವಯಸ್ಸಿನಲ್ಲಿಯೇ ಕೆಲಕಾಲ ಬೆಳಗಾವಿಯ ರಾಣಿ ಪಾರ್ವತೀದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಇದೇ ಕಾಲಮಾನದಲ್ಲಿ, ಎಂದರೆ ೧೯೪೪ರಿಂದ ೧೯೫೬ರವರೆಗೆ, ನಮ್ಮ ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡವನ್ನು ಕಲಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮನೆಮಾತು ಮರಾಠಿಯಾಗಿದ್ದ ಕನ್ನಡದ ಕವಿಯು ಅಲ್ಲಿ, ಮರಾಠಿಯ ಹಾಸ್ಯಕಾರನು ಇಲ್ಲಿ: ಅಂದಿನ ಮುಂಬಯಿ ಪ್ರಾಂತದಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಾರದು.

ಚಿತ್ರರಂಗವನ್ನು ಬಿಟ್ಟರೂ ನಟತ್ವವು ಅವರನ್ನು ಬಿಡಲಿಲ್ಲ. ಅದು ಲೇಖನಿಗೆ ಇಳಿಯಿತು. ೧೯೫೮ರಲ್ಲಿ ಪುಸ್ತಕವಾಗಿ ಬಂದ 'ಬಟಾಟ್ಯಾಚಿ ಚಾಳ'ವು ಮುಂಬಯಿಯ ಒಂದು ಹಳೆಯ ಚಾಳಿನ ನಿವಾಸಿಗಳ ಚಿತ್ರಶಾಲೆ. ೧೯೬೧ರಲ್ಲಿ ಅದನ್ನೇ ಅವರು ರಂಗಕ್ಕೆ ತಂದಾಗ ಪರಿವಾರವೂ ಇಲ್ಲ, ವೇಷಾಂತರವೂ ಇಲ್ಲ. ಒಬ್ಬರೇ ನಿಂತು ಧ್ವನಿಯ ಏರಿಳಿತದಿಂದಲೂ ಮಾತಿನ ಭೇದದಿಂದಲೂ ಇಡಿಯ ಚಾಳನ್ನು ಪ್ರೇಕ್ಷಕರ ಮುಂದೆ ನಿಲ್ಲಿಸಿದರು. ೧೯೬೫ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ 'ವ್ಯಕ್ತಿ ಆಣಿ ವಲ್ಲಿ'ಯಲ್ಲಿಯೂ ಕ್ರಮವು ಇದೇ. ರತ್ನಾಗಿರಿಯ ಅಂತು ಬರ್ವನನ್ನು ನಾವು ಅರಿಯುವುದು ಕೊಂಕಣದ ಮೊನಚಾದ ಮಾತಿನಿಂದ. ಸಖಾರಾಮ ಗಟಣೆಯನ್ನು ಅರಿಯುವುದು ಅವನ ಗ್ರಾಂಥಿಕವಾದ ವಾಕ್ಯಗಳಿಂದ. ಮುಖದ ವರ್ಣನೆ, ಉಡುಪಿನ ವರ್ಣನೆ ಇಲ್ಲವೆಂದಲ್ಲ. ಆದರೆ ಅವನ್ನು ತೆಗೆದುಹಾಕಿದರೂ ವ್ಯಕ್ತಿಯು ನಿಲ್ಲುತ್ತಾನೆ. ಮಾತನ್ನು ತೆಗೆದರೆ ನಿಲ್ಲುವುದಿಲ್ಲ. ಬರಿಯ ಲೇಖಕನಾದವನು ವ್ಯಕ್ತಿಯನ್ನು ಹೊರಗಿನಿಂದ ನೋಡಿ ಬರೆಯಬಹುದು. ನಟನಾದವನು ಆ ವ್ಯಕ್ತಿಯ ಉಸಿರನ್ನು ತಾನು ಎಳೆದುಕೊಳ್ಳದೆ ಒಂದು ವಾಕ್ಯವನ್ನೂ ಆಡಲಾರನು. ಈ ಭೇದವೇ ನಮ್ಮ ಮುಂದಿನ ವಿಚಾರಕ್ಕೆ ಕೀಲಿಯಾಗಿದೆ.

೩

ರಾವಸಾಹೇಬರ ಮಾತಿನ ಸ್ವರೂಪವನ್ನು ತಿಳಿಯುವುದಕ್ಕೆ ಮೊದಲು ಆ ಮಾತು ಹುಟ್ಟಿದ ನೆಲವನ್ನು ನೋಡಬೇಕು. ಬೆಳಗಾವಿಯಿಂದ ಖಾನಾಪುರದ ಮೇಲೆ ಲೋಂಡೆಗೆ ಹೋಗುವ ರೈಲುಗಾಡಿಯಲ್ಲಿ ಕುಳಿತವರು, ಒಬ್ಬನು ಕನ್ನಡದಲ್ಲಿ ಕೇಳಿದುದಕ್ಕೆ ಮತ್ತೊಬ್ಬನು ಮರಾಠಿಯಲ್ಲಿ ಉತ್ತರಕೊಡುವುದನ್ನೂ, ಇಬ್ಬರೂ ತಾವು ಎರಡು ಭಾಷೆಗಳನ್ನು ಆಡುತ್ತಿದ್ದೇವೆಂಬುದನ್ನೇ ಗಮನಿಸದಿರುವುದನ್ನೂ ಕೇಳಬಹುದು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕೆ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ಸೀಮೆಗೆ ಹರಿಯುತ್ತದೆ. ಆ ಸೀಮೆಯ ಗುರ್ಲಹೊಸೂರೆಂಬ ಒಂದೇ ಗ್ರಾಮವು ಎರಡು ಸಾಹಿತ್ಯಗಳಿಗೆ ಎರಡು ರತ್ನಗಳನ್ನು ಕೊಟ್ಟಿದೆ. ೧೮೮೦ರಲ್ಲಿ ಸಂಗೀತ ಶಾಕುಂತಲವನ್ನು ಪುಣೆಯ ರಂಗಕ್ಕೆ ತಂದು ಮರಾಠಿಯ ಸಂಗೀತನಾಟಕಕ್ಕೆ ಮೂಲಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಅಲ್ಲಿಯೇ. ಮಹಾರಾಷ್ಟ್ರ ಸಂಸ್ಕೃತಿಯ ತಳಹದಿಯಲ್ಲಿ ಕನ್ನಡವಿದೆಯೆಂದು ಮರಾಠಿಯಲ್ಲಿಯೇ ಗ್ರಂಥ ಬರೆದು ವಾದಿಸಿದ ಶಂ. ಬಾ. ಜೋಶಿಯವರು ಹುಟ್ಟಿದುದೂ ಅಲ್ಲಿಯೇ. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಸೀತಾಸ್ವಯಂವರಕ್ಕೆ ಪ್ರೇರಣೆಯು ಕರ್ನಾಟಕದಿಂದ ಹೋದ ಭಾಗವತರ ಮೇಳದಿಂದ ಬಂದಿತೆಂಬುದನ್ನೂ ಇದರೊಡನೆ ಸೇರಿಸಿಕೊಂಡರೆ, ಈ ಪ್ರಾಂತದ ರಂಗಭೂಮಿಗೆ ಒಂದೇ ಭಾಷೆಯ ಒಡೆತನವು ಎಂದೂ ಇರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಬೆರಕೆಯು ಶಬ್ದಗಳ ಕೊಡುಕೊಳುಗೆಯಲ್ಲಿ ಮುಗಿಯುವುದಿಲ್ಲ. ೧೯೭೧ರಲ್ಲಿ ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಎಂಬ ಭಾಷಾಶಾಸ್ತ್ರಜ್ಞರು ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮವನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ಅಲ್ಲಿ ಒಟ್ಟಿಗೆ ಬಾಳುವವರ ಕನ್ನಡ, ಮರಾಠಿ, ಉರ್ದು ಭಾಷೆಗಳ ಶಬ್ದಗಳು ಬೇರೆಬೇರೆಯಾಗಿದ್ದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿದ್ದು, ಪದಕ್ಕೆ ಪದವಿಟ್ಟು ಒಂದನ್ನು ಮತ್ತೊಂದಾಗಿ ಮಾಡಬಹುದೆಂದು ತೋರಿಸಿದರು. ಇಷ್ಟು ಸಮೀಪಕ್ಕೆ ಬಂದ ಭಾಷೆಗಳಲ್ಲಿಯೂ ಒಂದು ಕಡೆ ಕಾಲು ಎಡವುತ್ತದೆ, ಅದು ಲಿಂಗವ್ಯವಸ್ಥೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು, ಅಚೇತನಗಳೆಲ್ಲವೂ ನಪುಂಸಕ. ಮರಾಠಿಯಲ್ಲಿ ಅದು ಶಬ್ದಕ್ಕೆ ಅಂಟಿದುದು. ಮಳೆ ಬಂತು, ಗಾಡಿ ಬಂತು, ಪತ್ರ ಬಂತು ಎಂದು ನಾವು ಒಂದೇ ಕ್ರಿಯಾಪದದಿಂದ ಮುಗಿಸುವುದನ್ನು ಮರಾಠಿಯವರು ಪಾವೂಸ್ ಆಲಾ, ಗಾಡೀ ಆಲೀ, ಪತ್ರ ಆಲೇ ಎಂದು ಮೂರು ವಿಧವಾಗಿ ಹೇಳಬೇಕು. ನಾನು ಹೋಗುತ್ತೇನೆ ಎಂಬಲ್ಲಿಯೂ ಹೇಳುವವನು ಗಂಡಸೋ ಹೆಂಗಸೋ ಎಂಬುದನ್ನು ಅವರ ಕ್ರಿಯಾಪದವು ತಿಳಿಸುತ್ತದೆ, ನಮ್ಮದು ತಿಳಿಸದು. ಆದುದರಿಂದ ಕನ್ನಡ ಮನೆಮಾತಿನವನು ಎಷ್ಟು ನಿರರ್ಗಳವಾಗಿ ಮರಾಠಿಯನ್ನಾಡಿದರೂ ಲಿಂಗದಲ್ಲಿ ತಪ್ಪುವನು. ಇದು ಅಜ್ಞಾನದ ತಪ್ಪಲ್ಲ. ಒಂದು ಭಾಷೆಯ ವ್ಯಾಕರಣವು ಮತ್ತೊಂದರೊಳಗೆ ತನ್ನ ನಿಯಮವನ್ನು ಬಿಡದೆ ನಡೆಸುವುದರ ಫಲ. ರಾವಸಾಹೇಬರ ಮರಾಠಿಯ ಹಾಸ್ಯಕ್ಕೆ ಮೂಲವಾದುದು ಮುಖ್ಯವಾಗಿ ಈ ತಪ್ಪೇ ಆಗಿದೆ.

೪

ರಾವಸಾಹೇಬರು ಬೆಳಗಾವಿಯ ಒಬ್ಬ ಚಿತ್ರಮಂದಿರದ ಒಡೆಯರು, ದೊಡ್ಡ ಗಂಟಲಿನವರು, ಬೈಗುಳವಿಲ್ಲದೆ ಮಾತು ಮುಗಿಸದವರು, ಸಂಗೀತವೆಂದರೆ, ನಾಟಕವೆಂದರೆ ಮೈಮರೆಯುವವರು. ಅವರು ತೀರಿಕೊಂಡ ಮೇಲೆ ಸ್ನೇಹಿತನು ಬರೆದ ಸ್ಮರಣೆಯ ರೂಪದಲ್ಲಿ ಚಿತ್ರವಿದೆ. ಇದರ ನಗೆಯ ಜಾತಿಯನ್ನು ಗೊತ್ತುಮಾಡಲು, ಮಾತಿನ ದೋಷದಿಂದ ನಗಿಸುವ ಇನ್ನೆರಡು ಪ್ರಸಿದ್ಧ ಉದಾಹರಣೆಗಳೊಡನೆ ಹೋಲಿಸುವುದು ಅನುಕೂಲ.

ಮೊದಲನೆಯದು ಶೂದ್ರಕನ ಮೃಚ್ಛಕಟಿಕದ ಶಕಾರ. ಅವನ ಉಚ್ಚಾರಣೆಯೂ ವಿಕೃತ, ಪುರಾಣಜ್ಞಾನವೂ ವಿಕೃತ. ಈ ದೋಷಗಳು ಅವನ ಕ್ರೌರ್ಯಕ್ಕೂ ಮದಕ್ಕೂ ಬಾಹ್ಯಚಿಹ್ನೆಗಳಾಗಿವೆ. ನಾವು ನಗುತ್ತ ಅವನನ್ನು ತಿರಸ್ಕರಿಸುತ್ತೇವೆ. ಕವಿಯ ಅಭಿಪ್ರಾಯವೂ ಅದೇ. ಎರಡನೆಯದು ಕೈಲಾಸಂ ಅವರ ನಾಟಕಗಳ ಇಂಗ್ಲಿಷು ಬೆರೆಸಿದ ಕನ್ನಡ. ಕೈಲಾಸಂ ಅವರೂ ತಮ್ಮ ನಾಟಕಗಳ ಎಲ್ಲ ಪಾತ್ರಗಳನ್ನೂ ಬಾಯಿಂದಲೇ ಆಡಿ ತೋರಿಸುತ್ತಿದ್ದ ನಟರು. ಆ ಮಟ್ಟಿಗೆ ಪು. ಲ. ಅವರಿಗೆ ಸಗೋತ್ರರೆನ್ನಬಹುದು. ಆದರೆ ಬೆಂಗಳೂರಿನ ಬಾಬುಗಳ ಇಂಗ್ಲಿಷು ಪ್ರತಿಷ್ಠೆಗಾಗಿ ತೊಟ್ಟ ಅಂಗಿ. ಅದನ್ನು ಕಳಚಿ ತೋರಿಸುವುದು ಅಲ್ಲಿಯ ನಗೆಯ ಕೆಲಸ. ಅದು ವಿಡಂಬನೆ, ತಿದ್ದುವ ನಗೆ.

ರಾವಸಾಹೇಬರ ವಿಷಯದಲ್ಲಿ ಈ ಎರಡೂ ಸಲ್ಲುವುದಿಲ್ಲ. ಅವರ ಮರಾಠಿಯಲ್ಲಿ ನುಸುಳುವ ಕನ್ನಡವು ತೊಟ್ಟ ಅಂಗಿಯಲ್ಲ, ಮೈಯ ಚರ್ಮ. ಅದರಿಂದ ಅವರಿಗೆ ಯಾವ ಪ್ರತಿಷ್ಠೆಯೂ ಬರತಕ್ಕದ್ದಿಲ್ಲ. ಆದುದರಿಂದ ವಿಡಂಬನೆಗೆ ಅಲ್ಲಿ ಹಿಡಿಯಲು ಏನೂ ಸಿಕ್ಕುವುದಿಲ್ಲ. ತಿರಸ್ಕಾರಕ್ಕೂ ಅವಕಾಶವಿಲ್ಲ, ಏಕೆಂದರೆ ಲೇಖಕರು ಮಾತಿನ ದೋಷದ ಎದುರಿಗೆ ಒಂದು ಗುಣವನ್ನು ತಂದು ನಿಲ್ಲಿಸಿದ್ದಾರೆ. ಲಿಂಗದಲ್ಲಿ ಎಡವುವ ಈ ಮನುಷ್ಯನ ಕಿವಿಯು ಸ್ವರದಲ್ಲಿ ಎಡವುವುದಿಲ್ಲ. ಹಾರ್ಮೋನಿಯಂ ನುಡಿಸಬಲ್ಲ, ಚಿತ್ರಗೀತಗಳಿಗೆ ಧಾಟಿ ಕೂಡಿಸಬಲ್ಲ ಲೇಖಕನಿಗೆ ಆ ಕಿವಿಯ ಯೋಗ್ಯತೆಯು ಏನೆಂಬುದು ಗೊತ್ತು. ಬೆಳಗಾವಿಯು ಆ ಕಾಲದಲ್ಲಿ ಎಂತಹ ಸಂಗೀತದ ಪೇಟೆಯಾಗಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಹಾರ್ಮೋನಿಯಂ ವಾದ್ಯದಲ್ಲಿ ಅದ್ವಿತೀಯರಾದ ರಾಮಭಾವು ವಿಜಾಪುರೆಯವರು ೨೦೧೦ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನಲ್ಲಿ ಶಿಷ್ಯರನ್ನು ತಯಾರುಮಾಡಿದರು, ಪು. ಲ. ಅವರ ಪರಮಮಿತ್ರರಾದ ಕುಮಾರ ಗಂಧರ್ವರು ಹುಟ್ಟಿದುದು ಊರಿಗೆ ಹತ್ತಿರದ ಸುಳೇಭಾವಿಯಲ್ಲಿ. ಇಂತಹ ಊರಿನ ರಸಿಕತೆಗೆ ರಾವಸಾಹೇಬರು ಪ್ರತಿನಿಧಿಗಳು. ಕಥನದಲ್ಲಿ ಬರುವ 'ನಾನು' ಆ ರಸಿಕತೆಯ ಮನೆಬಾಗಿಲಿಗೆ ಬಂದ ಅತಿಥಿ. ಅತಿಥಿಯು ಆತಿಥೇಯನನ್ನು ಕೀಳಾಗಿ ನೋಡುವ ಸ್ಥಾನದಲ್ಲಿರುವುದಿಲ್ಲ.

ಇನ್ನೊಂದು ಅಂಶವು ಸೂಕ್ಷ್ಮವಾದುದು. ಕೇಳಿದ ತಪ್ಪುಗಳನ್ನು ಒಟ್ಟುಗೂಡಿಸಿ ಪಟ್ಟಿಮಾಡುವುದು ಯಾವ ವಿನೋದಗಾರನಿಗೂ ಸಾಧ್ಯ. ಆದರೆ ಪಟ್ಟಿಯಿಂದ ಮಾತು ಹುಟ್ಟುವುದಿಲ್ಲ. ರಾವಸಾಹೇಬರ ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿದರೆ ಅವುಗಳ ತಪ್ಪಿನಲ್ಲಿ ಒಂದು ಕ್ರಮವಿರುವುದೂ, ಆ ಕ್ರಮವು ಕನ್ನಡದ್ದೆಂಬುದೂ ಉತ್ತರ ಕರ್ನಾಟಕದ ಓದುಗರಿಗೆ ಕೂಡಲೇ ತಿಳಿಯುತ್ತದೆ. ವಾಕ್ಯದ ಎಳೆತ, ಒತ್ತು ಬೀಳುವ ಸ್ಥಾನ, ಬೈದು ಮುದ್ದಿಸುವ ರೀತಿ, ಇವೆಲ್ಲ ನಮ್ಮವು. ಎಂದರೆ ಲೇಖಕರು ತಪ್ಪನ್ನು ಮರಾಠಿಯ ಕಡೆಯಿಂದ ನೋಡದೆ, ಅದು ತಪ್ಪಲ್ಲವಾಗಿರುವ ಕನ್ನಡದ ಕಡೆಯಿಂದ ಕೇಳಿದ್ದಾರೆ. ಇದು ನಟನ ಕಿವಿ. ತನ್ನೊಳಗೆ ತಂದುಕೊಳ್ಳಬೇಕಾದ ಮಾತನ್ನು ನಟನು ಅದರದೇ ನಿಯಮದಿಂದ ಕಲಿಯಬೇಕಲ್ಲದೆ ತನ್ನ ಭಾಷೆಯ ನಿಯಮದಿಂದ ತಿದ್ದುತ್ತ ಕಲಿಯಲಾಗದು. ಪು. ಲ. ಅವರು ಈ ಚಿತ್ರವನ್ನು ತಾವೇ ಓದಿ ಧ್ವನಿಮುದ್ರಿಸಿದ್ದಾರೆ. ಅದನ್ನು ಕೇಳಿದವರು ಅಲ್ಲಿ ಅಣಕವಿಲ್ಲ, ಪರಕಾಯಪ್ರವೇಶವಿದೆಯೆಂಬುದನ್ನು ಒಪ್ಪುವರು. ಕೊನೆಗೆ ಆ ಧ್ವನಿಯು ಇನ್ನಿಲ್ಲವೆಂಬ ಅರಿವಿನಲ್ಲಿ ಹಾಸ್ಯವು ಕರುಣಕ್ಕೆ ತಿರುಗುತ್ತದೆ. ತಿರಸ್ಕರಿಸಿ ನಕ್ಕವನ ಬಗೆಗೆ ಹೀಗೆ ಕಣ್ಣೀರು ಬರುವುದು ಶಕ್ಯವಿಲ್ಲ.

೫

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಒಂದು: ಲೇಖಕನ ಅಭಿಪ್ರಾಯವು ಎಂತಹದಾದರೂ ಓದುಗರು ನಗುವುದು ಕನ್ನಡಿಗನ ತಪ್ಪಿಗಲ್ಲವೇ? ಪು. ಲ. ಅವರನ್ನು ಅನುಕರಿಸಿದ ಹವ್ಯಾಸಿಗಳ ಕೈಯಲ್ಲಿ ಬೆಳಗಾವಿಯ ಮರಾಠಿಯು ಒಂದು ಸಿದ್ಧವಾದ ಸೋಗಾಯಿತಲ್ಲವೇ? ಇದನ್ನು ಅಲ್ಲಗಳೆಯಲಾಗದು. ಸೋಗನ್ನು ಹಾಕುವವನು ರಾವಸಾಹೇಬರ ತಪ್ಪನ್ನು ಎತ್ತಿಕೊಳ್ಳುತ್ತಾನೆ, ಅವರ ಕಿವಿಯನ್ನು ಬಿಡುತ್ತಾನೆ. ಉಳಿಯುವುದು ದೋಷೋದಾಹರಣ ಮಾತ್ರ. ಆದರೆ ಕೃತಿಯನ್ನು ಅದರ ಕೆಟ್ಟ ಅನುಕರಣಗಳಿಂದ ಅಳೆಯುವುದು ನ್ಯಾಯವಲ್ಲ. ಅದೂ ಅಲ್ಲದೆ ಕನ್ನಡದ ಪ್ರಹಸನಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಪರಭಾಷಿಕರನ್ನು ಹೀಗೆಯೇ ಸೋಗುಹಾಕಿ ನಗಿಸಿರುವುದು ಅಪೂರ್ವವಲ್ಲ. ಆ ಪಾತ್ರಗಳಲ್ಲಿ ಎಷ್ಟಕ್ಕೆ ರಾವಸಾಹೇಬರ ಘನತೆಯನ್ನು ಕೊಟ್ಟಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು. ರಾವಸಾಹೇಬರ ಕನ್ನಡವು ನಮಗೆ ಬಹುಮಟ್ಟಿಗೆ ಅವರ ಮರಾಠಿಯ ಬಿರುಕುಗಳ ಮೂಲಕವೇ ಕಾಣುತ್ತದೆ. ಅವರು ಮನೆಯವರೊಡನೆ, ಆಳುಗಳೊಡನೆ, ಪೇಟೆಯವರೊಡನೆ ತಪ್ಪಿಲ್ಲದೆ ಆಡಿರಬಹುದಾದ ಭಾಷೆಯ ಲೋಕವು ಚಿತ್ರದ ಹೊರಗೆ ಉಳಿದಿದೆ. ಮರಾಠಿಯನ್ನು ಮಾತ್ರ ಬಲ್ಲ ಓದುಗನು ಅವರನ್ನು ಮಾತು ಬಾರದ ಮುಗ್ಧನೆಂದು ಭಾವಿಸಿ ಮುದ್ದಿಸಬಹುದು. ಮುದ್ದಿಸುವುದೂ ಒಂದು ವಿಧವಾದ ಎತ್ತರದಿಂದಲೇ. ಈ ದೋಷವನ್ನು ನಾವು ಒಪ್ಪಿಕೊಳ್ಳಬೇಕು. ಇದು ಕೃತಿಯ ಮಿತಿ. ಆದರೆ ಈ ಮಿತಿಯನ್ನು ತುಂಬಬಲ್ಲವರೂ ನಾವೇ. ಎರಡೂ ಭಾಷೆಗಳನ್ನು ಬಲ್ಲ ಓದುಗನಿಗೆ ಮಾತ್ರ ಆ ಬಿರುಕುಗಳ ಹಿಂದೆ ಇಡಿಯಾದ ಒಂದು ಭಾಷೆಯು ಕೇಳಿಸುತ್ತದೆ. ಆದುದರಿಂದ 'ರಾವಸಾಹೇಬ'ಕ್ಕೆ ಸಂಪೂರ್ಣನಾದ ಸಹೃದಯನು ಪುಣೆಯಲ್ಲಿಲ್ಲ, ಬೆಳಗಾವಿಯಲ್ಲಿದ್ದಾನೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೬

ಪು. ಲ. ಅವರು ೧೯೭೫ರಲ್ಲಿ ಬರ್ನಾರ್ಡ್ ಷಾ ಅವರ ಪಿಗ್ಮೇಲಿಯನ್ ನಾಟಕವನ್ನು 'ತೀ ಫುಲರಾಣಿ' ಎಂದು ಮರಾಠಿಗೆ ತಂದರು. ಹೂ ಮಾರುವ ಹುಡುಗಿಯ ಒರಟು ಮಾತನ್ನು ಭಾಷಾಪಂಡಿತನೊಬ್ಬನು ತಿದ್ದುವ ಕಥೆ ಅದು. ಭಕ್ತಿ ಬರ್ವೆಯವರ ಅಭಿನಯದಿಂದ ಬಹು ಪ್ರಸಿದ್ಧವಾಯಿತು. ಅಲ್ಲಿ ಪಂಡಿತನು ಗೆಲ್ಲುವನಾದರೂ ನಮ್ಮ ಮನಸ್ಸು ಹುಡುಗಿಯ ಪಕ್ಷಕ್ಕೆ ಹೋಗುತ್ತದೆ. ಮಾತನ್ನು ತಿದ್ದುವವನು ಮನುಷ್ಯನನ್ನು ಮರೆತರೆ ಆ ವಿದ್ಯೆಯು ವ್ಯರ್ಥವೆಂಬುದು ಅದರ ತಾತ್ಪರ್ಯ. ೧೯೯೨ರ 'ಏಕ್ ಹೋತಾ ವಿದೂಷಕ್' ಚಿತ್ರಕ್ಕಾಗಿ ಮತ್ತೆ ಲೇಖನಿ ಹಿಡಿದಾಗಲೂ ಅವರು ಆರಿಸಿಕೊಂಡುದು ನಗಿಸುವವನ ದುಃಖವನ್ನೇ. ಇವುಗಳ ಬೆಳಕಿನಲ್ಲಿ ನೋಡಿದರೆ 'ರಾವಸಾಹೇಬ'ವು ಅವರ ಕೃತಿಶ್ರೇಣಿಯಲ್ಲಿ ಒಂದು ಬಿಡಿಯಾದ ವಿನೋದವಾಗಿ ಉಳಿಯದೆ, ಅವರ ಹಾಸ್ಯದ ತತ್ತ್ವಕ್ಕೇ ಉದಾಹರಣೆಯಾಗುತ್ತದೆ.

ಈ ವಿಚಾರವು ಉಪಾಧ್ಯಾಯರಾದ ನಮಗೆ ಹತ್ತಿರದ್ದು. ಖಾನಾಪುರದ ಶಾಲೆಯೊಂದರಲ್ಲಿ ಮರಾಠಿ ಮನೆಮಾತಿನ ಹುಡುಗನು ಕನ್ನಡವನ್ನು ಕಲಿಯುತ್ತ 'ಗಾಡಿ ಬಂದಳು' ಎಂದರೆ ತರಗತಿಯು ನಗುವುದು. ಅವನು ಮಾಡಿದುದು ರಾವಸಾಹೇಬರ ತಪ್ಪನ್ನೇ, ಎದುರು ದಿಕ್ಕಿನಿಂದ. ಅವರು ಮರಾಠಿಯ ಗಾಡಿಗೆ ಕನ್ನಡದ ಲಿಂಗವನ್ನು ಕೊಟ್ಟರು. ಇವನು ಕನ್ನಡದ ಗಾಡಿಗೆ ಮರಾಠಿಯ ಲಿಂಗವನ್ನು ಕೊಟ್ಟನು. ಆ ನಗೆಯು ಶಕಾರನನ್ನು ಕಂಡು ನಕ್ಕ ನಗೆಯಾದರೆ ಹುಡುಗನು ಮತ್ತೆ ಕನ್ನಡಕ್ಕೆ ಬಾಯಿ ತೆರೆಯಲಾರನು. ಉಪಾಧ್ಯಾಯನು ಆ ತಪ್ಪಿನ ಹಿಂದಿನ ವ್ಯಾಕರಣವನ್ನು ಕೇಳಬಲ್ಲವನಾದರೆ, ತಾನೂ ನಕ್ಕು, ಹುಡುಗನನ್ನೂ ನಗಿಸಿ, ಎರಡು ಭಾಷೆಗಳ ಭೇದವನ್ನು ಆ ಒಂದು ವಾಕ್ಯದಿಂದಲೇ ತಿಳಿಸಬಹುದು.

ಬೆಳಗಾವಿಯ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿಹೋದ ಅಧ್ಯಾಪಕರೊಬ್ಬರು ಊರಿನಿಂದ ಏನನ್ನು ಕಲಿತುಹೋದರೆಂಬುದಕ್ಕೆ 'ರಾವಸಾಹೇಬ'ವು ಸಾಕ್ಷಿಯಾಗಿದೆ. ಅದು ಮರಾಠಿಯ ಲಿಪಿಯಲ್ಲಿದ್ದರೂ ಅದರ ವಾಕ್ಯಗಳ ಎಲುಬು ನಮ್ಮದು. ಕನ್ನಡ ಎಂ.ಎ. ತರಗತಿಗಳಲ್ಲಿ ತ��ಲನಿಕ ಸಾಹಿತ್ಯವನ್ನು ಬೋಧಿಸುವವರು ಕೈಲಾಸಂ ಅವರ ಒಂದು ನಾಟಕದ ಪಕ್ಕದಲ್ಲಿ ಇದನ್ನಿಟ್ಟು ಓದಿಸಿದರೆ, ಗಡಿಯ ಎರಡು ಕಡೆಯವರಿಗೂ ಪ್ರಯೋಜನವಾಗುವುದೆಂದು ನಮ್ಮ ನಂಬಿಕೆ.